ಮೆಟ್ಟುಗತ್ತಿ ನಿಂತ ಹಾಡು

ಚನ್ನಗಿರಿಯಲ್ಲಿ ಒಂದು ಕಾಲಕ್ಕೆ ರಾಕ್ ಬ್ಯಾಂಡ್ ಇತ್ತು ಅಂದರೆ ಈಗಿನವರು ನಗುತ್ತಾರೆ. ನಗಲಿ. ಇತ್ತು. ಅದರಲ್ಲಿ ಗಿಟಾರ್ ಬಾರಿಸುತ್ತಿದ್ದ ಜಯದೇವಪ್ಪ ನಾನೇ. ಆದರೆ ನಾನು ಬಾರಿಸಿದ್ದು ಅಷ್ಟಕ್ಕಷ್ಟೇ, ಅದನ್ನು ಬರೆದು ಯಾರಿಗೂ ಉಪಯೋಗವಿಲ್ಲ. ಆ ಬ್ಯಾಂಡಿನ ಜೀವ ಡ್ರಮ್ ಬಾರಿಸುತ್ತಿದ್ದ ದುರುಗಪ್ಪ. ಅವನ ಬಗ್ಗೆ ಇಷ್ಟು ವರ್ಷವಾದರೂ ಒಬ್ಬರೂ ಒಂದು ಸಾಲು ಬರೆದಿಲ್ಲ ಅನ್ನುವ ಸಿಟ್ಟಿಗೆ ನಾನೇ ಬರೆಯುತ್ತಿದ್ದೇನೆ.

ದುರುಗಪ್ಪನ ಊರು ಜಗಳೂರು ತಾಲ್ಲೂಕಿನ ಬಿಳಿಚೋಡು. ತಂದೆ ಇರಲಿಲ್ಲ. ತಾಯಿ ಬೊಮ್ಮಕ್ಕ ಪ್ರತಿ ವರ್ಷ ಅಡಿಕೆ ಕೊಯ್ಲಿನ ಮೂರು ತಿಂಗಳು ಊರಿನ ಹೆಂಗಸರ ಜೊತೆ ನಮ್ಮಲ್ಲಿಗೆ ಅಡಿಕೆ ಸುಲಿಯಲು ಬರುತ್ತಿದ್ದರು. ಮಗ ಸೋದರಮಾವನ ಹಾಗೆ ಕುರಿ ಹಿಂದೆ ಅಲೆಯುವುದು ಬೇಡ ಅಂತ ಅವನನ್ನು ಚನ್ನಗಿರಿಯ ಹಾಸ್ಟೆಲ್ಲಿಗೆ ಸೇರಿಸಿದರು. 1978ರಲ್ಲಿ ಒಂಬತ್ತನೇ ಕ್ಲಾಸಿನಲ್ಲಿ ನನ್ನ ಪಕ್ಕ ಬಂದು ಕೂತವನು ಮೊದಲ ಪೀರಿಯಡ್ಡಿಗೇ ಡೆಸ್ಕು ಬಡಿಯಲು ಶುರುಮಾಡಿದ. ಎರಡನೇ ಪೀರಿಯಡ್ಡಿಗೆ ಇಬ್ಬರನ್ನೂ ಹೊರಗೆ ನಿಲ್ಲಿಸಿದರು. ಹೊರಗೆ ನಿಂತು ಅವನು ಕಿಟಕಿಯ ಸರಳು ಬಡಿದ.

ನಮ್ಮ ಕ್ಲಾಸಿನಲ್ಲಿ ಹಾಡುವವನು ಹಿಂದಿ ಮೇಷ್ಟ್ರ ಮಗ ತಿಪ್ಪೇರುದ್ರಸ್ವಾಮಿ, ನಮಗೆ ತಿಪ್ಪೇಶಿ. ನನಗೆ ಭದ್ರಾವತಿಯ ಕಾರ್ಖಾನೆ ಕಾಲೋನಿಯಲ್ಲಿದ್ದ ಪರಿಚಯದವರೊಬ್ಬರಿಂದ ಹಳೆಯ ಗಿಟಾರ್ ಸಿಕ್ಕಿತ್ತು. ಅದರ ಹೊಟ್ಟೆಗೆ ರೇಡಿಯೋ ರಿಪೇರಿ ಅಂಗಡಿಯವರು ಒಂದು ಸಣ್ಣ ಮೈಕು ಕೂರಿಸಿ, ತಂತಿ ಎಳೆದು, ನಮ್ಮ ಮನೆಯ ಹಳೇ ರೇಡಿಯೋಕ್ಕೆ ಸೇರಿಸಿಕೊಟ್ಟರು. ಮೊದಲ ಸಲ ತಂತಿ ಮೀಟಿದಾಗ ರೇಡಿಯೋ ಹರಿದುಹೋಗುವ ಹಾಗೆ ಅರಚಿತು. ಅಂಗಡಿಯವರು ಕಿವಿ ಮುಚ್ಚಿಕೊಂಡರು, ದುರುಗಪ್ಪ ಮಾತ್ರ ಹತ್ತಿರ ಬಂದು, "ಇನ್ನೊಂದ್ ಸಾರಿ ಮಾಡು" ಅಂದ. ಬ್ಯಾಂಡ್ ಹುಟ್ಟಿದ್ದು ಅಲ್ಲೇ. ಇದಕ್ಕೆ ರಾಕ್ ಅನ್ನುತ್ತಾರೆ ಅನ್ನೋದು ನಮಗೆ ಗೊತ್ತಾದದ್ದು ಎರಡು ವರ್ಷ ಬಾರಿಸಿದ ಮೇಲೆ.

ಡ್ರಮ್ ಎಲ್ಲಿಂದ ತರೋದು? ನಮ್ಮ ತಂದೆ ಕಲ್ಲೇಶಪ್ಪ ಅಡಿಕೆ ವ್ಯಾಪಾರಿ. ನಮ್ಮ ಷೆಡ್ಡಿನಲ್ಲಿ ಸುಲಿದ ಅಡಿಕೆ ಬೇಯಿಸುವ ತಾಮ್ರದ ಹಂಡೆಗಳಿದ್ದವು. ತೂತು ಬಿದ್ದು ಮೂಲೆಗೆ ಬಿದ್ದಿದ್ದ ಒಂದನ್ನು ದುರುಗಪ್ಪ ಉರುಳಿಸಿಕೊಂಡು ಬಂದ. ಊರಿಗೆ ಹೋಗಿ ಮಾವನಿಂದ ಕುರಿ ಚರ್ಮ ತಂದು ಅದರ ಬಾಯಿಗೆ ಬಿಗಿದ. ಎರಡು ಎಣ್ಣೆ ಡಬ್ಬ, ಒಂದು ಹಲಗೆ, ಊಟದ ಒಂದು ಹಿತ್ತಾಳೆ ತಟ್ಟೆ ಸೇರಿದವು. ಹಂಡೆಯ ಮೇಲೆ ಅವನ ಮೊದಲ ಏಟು ಬಿದ್ದಾಗ ಷೆಡ್ಡಿನ ತಗಡೆಲ್ಲ ನಡುಗಿತು. ನನ್ನ ಮೈಯಲ್ಲಿ ಎದ್ದ ಆ ಪುಳಕವನ್ನು ನಾನು ಸುಳ್ಳೇ ಸಣ್ಣದು ಮಾಡಿ ಹೇಳಲಾರೆ, ನನಗೆ ಕುಣಿಯಬೇಕು ಅನ್ನಿಸಿತು, ಕುಣಿದೆ.

ಚರ್ಮದ ವಾದ್ಯಕ್ಕೆ ಆಗಾಗ ಬೆಂಕಿಯ ಕಾವು ತೋರಿಸಬೇಕು, ಇಲ್ಲದಿದ್ದರೆ ಸಡಿಲವಾಗುತ್ತದೆ. ಕೊಯ್ಲಿನ ಕಾಲದಲ್ಲಿ ನಮ್ಮ ಷೆಡ್ಡಿನ ಒಲೆ ಆರುವುದೇ ಇಲ್ಲ. ಹಾಗಾಗಿ ಸಂಜೆ ಸ್ಕೂಲು ಬಿಟ್ಟ ಕೂಡಲೇ ಅಲ್ಲೇ ಪ್ರಾಕ್ಟೀಸ್. ಅಲ್ಲಿ ಹದಿನೆಂಟು ಹೆಂಗಸರು ಸಾಲಾಗಿ ಕೂತು, ಮಣೆಗೆ ನೆಟ್ಟ ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುತ್ತಿದ್ದರು. ಅವರ ನಡುವೆ ಬೊಮ್ಮಕ್ಕ. ನಮ್ಮ ತಂದೆ ಒಂದು ಷರತ್ತು ಹಾಕಿದರು.

"ಬಾರಿಸ್ಕೊಳ್ರಪ್ಪ. ಆದ್ರೆ ಹೆಂಗಸ್ರ ಕೈ ನಿಲ್ಲಬಾರ್ದು. ಕತ್ತಿ ಸದ್ದು ನಿಂತ್ರೆ ನಿಮ್ ಸದ್ದೂ ಬಂದ್."

ನಮ್ಮ ಪಾರ್ಟಿಗೆ ಹೆಸರಿಟ್ಟವರೂ ಅವರೇ. ಗೊರಬಲು ಅಂದರೆ ಅಡಿಕೆಯಲ್ಲಿ ಕಡೆ ದರ್ಜೆಯ ಮಾಲು. "ಏನ್ರಿ ಗೊರಬಲು ಪಾರ್ಟಿ, ಇವತ್ತು ಯಾವ ಗಲಾಟೆ?" ಅನ್ನುತ್ತಿದ್ದರು. ನಮಗೆ ರೋಷ ಬಂದು ಅದನ್ನೇ ಹಂಡೆಯ ಮೇಲೆ ಬಿಳಿ ಬಣ್ಣದಲ್ಲಿ ಬರೆದುಬಿಟ್ಟೆವು.

ಷರತ್ತು ನಮಗೆ ವರವಾಯಿತು ಅಂತ ನಾವು ತಿಳಿದಿದ್ದೆವು. ದುರುಗಪ್ಪ ಬಡಿತ ಏರಿಸಿದರೆ ಹೆಂಗಸರ ಕೈಯೂ ಏರುತ್ತಿತ್ತು. ಟಕ್ ಟಕ್ ಟಕ್ ಅಂತ ಹದಿನೆಂಟು ಕತ್ತಿ ಒಂದೇ ಲಯಕ್ಕೆ ಬಂದಾಗ ನಮಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಸಿನಿಮಾ ಹಾಡು ಬಿಟ್ಟು ನಮ್ಮದೇ ಹಾಡು ಕಟ್ಟಲು ಶುರುಮಾಡಿದೆವು. ಒಂದು ನೋಟ್‌ಬುಕ್ ಇಟ್ಟು ಪ್ರತಿ ಹಾಡನ್ನೂ ಷೆಡ್ಡಿನಲ್ಲಿ ಪರೀಕ್ಷೆಗೆ ಒಡ್ಡುತ್ತಿದ್ದೆವು. ಕತ್ತಿ ಓಡಿದರೆ ಹಾಡಿನ ಮುಂದೆ 'ಪಾಸು', ಕತ್ತಿ ತಡವರಿಸಿದರೆ 'ನಪಾಸು'. ಪ್ರಪಂಚದಲ್ಲಿ ಬೇರೆ ಯಾವ ಬ್ಯಾಂಡೂ ತನ್ನ ಹಾಡನ್ನು ಹೀಗೆ ಅಳೆದಿರಲಾರದು. ನಾವು ಅಳೆದೆವು, ಹೆಮ್ಮೆಯಿಂದ ಅಳೆದೆವು.

ಮರುವರ್ಷದ ಕೊಯ್ಲಿನಲ್ಲಿ ದುರುಗಪ್ಪ ನಾಚಿಕೊಂಡೇ ಒಂದು ಹಾಳೆ ತಂದ. ತಾನೇ ಬರೆದ ಹಾಡು.

ಬಿಳಿಚೋಡಿನ ಬಸ್ಸು ಹೊಂಟೈತೆ,
ಅವ್ವನ ಬುತ್ತಿ ಕೈಯಾಗೈತೆ,
ಊರು ಹಿಂದಕ್ಕೆ ಓಡ್ತೈತೆ,
ನಾನು ಸೀಟಿನಾಗೆ ನಿಂತೇ ಇದೀನಿ.

"ಹಾಡಿನಲ್ಲಿ ಹಳ್ಳಿ ಮಾತು, 'ಐತೆ-ಗೀತೆ' ಅಂತ ಯಾರಾದ್ರೂ ಹಾಡ್ತಾರೇನೋ?" ಅಂದ ತಿಪ್ಪೇಶಿ. ನನಗೂ ಹಾಗೇ ಅನ್ನಿಸಿತು. ಆದರೂ ಷೆಡ್ಡಿನಲ್ಲಿ ಬಾರಿಸಿದೆವು. ದುರುಗಪ್ಪ ಕೋಲು ಬಿಟ್ಟು ಅಂಗೈಯಲ್ಲಿ ಹಂಡೆಯನ್ನು ನಿಧಾನವಾಗಿ ತಟ್ಟುತ್ತಾ ತಾನೇ ಹಾಡಿದ. ಎರಡನೇ ಸಾಲಿಗೆ ಒಂದು ಕತ್ತಿ ನಿಂತಿತು. ಮೂರನೆಯದಕ್ಕೆ ನಾಲ್ಕೈದು. ಹಾಡು ಮುಗಿಯುವ ಹೊತ್ತಿಗೆ ಹದಿನೆಂಟೂ ನಿಂತಿದ್ದವು. ಒಲೆಯ ಸೌದೆಯ ಚಟಪಟ ಬಿಟ್ಟರೆ ಸದ್ದಿಲ್ಲ. ಬೊಮ್ಮಕ್ಕ ತಲೆ ತಗ್ಗಿಸಿ ಕೂತಿದ್ದರು.

ನಮ್ಮ ತಂದೆ ಒಳಗೆ ಬಂದು, "ಏನ್ರವ್ವಾ, ಇವತ್ತು ರಜಾನಾ?" ಅಂದರು. ಕತ್ತಿಗಳು ಮತ್ತೆ ಓಡಿದವು. ನಮಗೆ ಎಂಟು ದಿನ ಷೆಡ್ಡು ಬಂದ್ ಆಯಿತು. ನಾನು ನೋಟ್‌ಬುಕ್ ತೆಗೆದು, ದುರುಗಪ್ಪನ ಎದುರಿಗೇ, ದಪ್ಪ ಅಕ್ಷರದಲ್ಲಿ 'ನಪಾಸು' ಅಂತ ಬರೆದೆ. ಅವನು ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡ. ಆಮೇಲೆ ಒಂದು ವರ್ಷ ಅವನು ಹಾಡು ಬರೆಯಲೇ ಇಲ್ಲ. ಆ ಒಂದು ಪದ ಬರೆದ ನನ್ನ ಕೈಯನ್ನು ನಾನು ಇವತ್ತಿಗೂ ಬೈದುಕೊಳ್ಳುತ್ತೇನೆ.

1980ರ ಎಸ್ಸೆಸ್ಸೆಲ್ಸಿಯಲ್ಲಿ ದುರುಗಪ್ಪ ಗಣಿತದಲ್ಲಿ ಫೇಲಾದ. ಸೋದರಮಾವ ಹೇಳಿಕಳಿಸಿದರು: ಓದು ಆಯ್ತಲ್ಲ, ಕುರಿ ಹಿಂದೆ ಬರಲಿ. ಬೊಮ್ಮಕ್ಕ ಅಣ್ಣನ ಹತ್ತಿರ ಗಣಪತಿ ಹಬ್ಬದವರೆಗೆ ವಾಯಿದೆ ಕೇಳಿದರು. ಯಾಕೆಂದರೆ ಹೊನ್ನಾಳಿಯ ಒಂದು ಗಣಪತಿ ಕಮಿಟಿಯವರು ನಮಗೆ ಅರ್ಧ ಗಂಟೆ ಕೊಟ್ಟಿದ್ದರು. ಅಲ್ಲಿಗೆ ನ್ಯಾಮತಿ, ಸವಳಂಗ, ಬಸವಾಪಟ್ಟಣದ ಕಮಿಟಿಯವರೂ ಬಂದು ಪಾರ್ಟಿ ನೋಡಿ ಬುಕ್ ಮಾಡುತ್ತಿದ್ದರು. ಬುಕಿಂಗ್ ಸಿಕ್ಕರೆ ದುರುಗಪ್ಪ ನಮ್ಮ ಜೊತೆ ಉಳಿಯುತ್ತಾನೆ. ಸಿಗದಿದ್ದರೆ ಮಾರನೇ ದಿನವೇ ಬಿಳಿಚೋಡಿನ ಬಸ್ಸು. ವಿಷಯ ಇಷ್ಟೇ, ಆದರೆ ಇದಕ್ಕಿಂತ ದೊಡ್ಡದು ನಮಗೆ ಬೇರೆ ಇರಲಿಲ್ಲ.

ಆ ದಿನ ಮಧ್ಯಾಹ್ನವೇ ಹೊನ್ನಾಳಿಗೆ ಹೋದೆವು. ಹಂಡೆ ಬಸ್ಸಿನ ಟಾಪಿನ ಮೇಲೆ, ಅದನ್ನು ಹಿಡಿದುಕೊಂಡು ದುರುಗಪ್ಪ. ದಾರಿಯುದ್ದಕ್ಕೂ ಜಿನುಗು ಮಳೆ. ಹೊಳೆ ತುಂಬಿ ಹರಿಯುತ್ತಿತ್ತು, ಗಾಳಿಯೆಲ್ಲ ತೇವ. ಸಂಜೆ ಏಳಕ್ಕೆ ನಮ್ಮ ಸರದಿ. ಆರೂವರೆಗೆ ದುರುಗಪ್ಪ ಚರ್ಮ ಮುಟ್ಟಿ ನೋಡಿ, "ಇಳಿದುಬಿಟ್ಟೈತೆ ಜಯಣ್ಣ, ಬೆಂಕಿ ಬೇಕು" ಅಂದ. ನಾಲ್ಕು ಸೌದೆ ಹೊಂದಿಸುವಷ್ಟರಲ್ಲಿ ಕಮಿಟಿಯ ಕಾರ್ಯದರ್ಶಿ ಚಿಕ್ಕಹನುಮಂತಪ್ಪ ಓಡಿಬಂದರು.

"ಚಪ್ಪರದ ಹತ್ರ ಬೆಂಕಿ ಹಚ್ತೀರೇನ್ರಿ? ಗಣಪತಿ ಜೊತೆ ನಮ್ಮನ್ನೂ ಸುಡಾಕೆ ಬಂದೀರಾ?"

ಅವರ ಮಾತೂ ಸರಿಯೇ. ಬೆಂಕಿ ಇಲ್ಲದೆಯೇ ವೇದಿಕೆ ಹತ್ತಿದೆವು. ಪಾಸಾದ ಹಾಡುಗಳಲ್ಲಿ ಎಲ್ಲಕ್ಕಿಂತ ಜೋರಾದದ್ದನ್ನು ಮೊದಲು ತೆಗೆದೆವು. ದುರುಗಪ್ಪ ಮೈಮುರಿದು ಬಡಿದರೂ ಹಂಡೆಯಿಂದ ಒದ್ದೆ ಗೋಣಿಚೀಲದ ಸದ್ದು ಬಂತು. ಎರಡನೇ ಹಾಡಿಗೆ ಮುಂದಿನ ಸಾಲಿನವರು ಸಿಳ್ಳೆ ಹಾಕಿದರು. ಅದು ಮೆಚ್ಚಿಗೆಯ ಸಿಳ್ಳೆಯಲ್ಲ. "ಇಳೀರಿ, ಇಳೀರಿ" ಅಂತ ಕೂಗು. ಜನರ ನಡುವೆ ನಮ್ಮ ತಂದೆ ಕಂಡರು. ಅವತ್ತು ತೋಟದಿಂದ ಅಡಿಕೆ ಬಂದಿರಲಿಲ್ಲವಂತೆ, ಹೊನ್ನಾಳಿಯಲ್ಲಿ ಏನೋ ಕೆಲಸ ಅಂತ ಲಾರಿ ತೆಗೆದು, ಹೆಂಗಸರನ್ನೂ ಹತ್ತಿಸಿಕೊಂಡು ಬಂದಿದ್ದರು. ಅವರಿಗೆ ಹೊನ್ನಾಳಿಯಲ್ಲಿ ಯಾವ ಕೆಲಸವೂ ಇರಲಿಲ್ಲ ಅನ್ನೋದು ನನಗೆ ಗೊತ್ತು.

ಚಿಕ್ಕಹನುಮಂತಪ್ಪ ಮೆಟ್ಟಿಲ ಹತ್ತಿರ ಬಂದು, "ಇನ್ನೊಂದೇ ಹಾಡು, ಆಮೇಲೆ ಇಳೀರಪ್ಪ" ಅಂದರು.

"ಚರ್ಮ ಇಳಿದೈತೆ. ಓಡೋ ಹಾಡು ಆಗಲ್ಲ" ಅಂದ ದುರುಗಪ್ಪ.

"ನಿಂದು ಬಾರಿಸು. ಬಸ್ಸಿಂದು" ಅಂದೆ.

"ಅದು ನಪಾಸು ಅಲ್ವೇನೋ."

"ನೀನೂ ನಪಾಸೇ. ನಾನು ಮೂವತ್ತೈದು ಮಾರ್ಕಿಗೆ ದಾಟಿದೋನು. ಬಾರಿಸು."

ತಿಪ್ಪೇಶಿ ಮೈಕನ್ನು ಹಂಡೆಯ ಹತ್ತಿರ ಬಗ್ಗಿಸಿಟ್ಟ. ದುರುಗಪ್ಪ ಕೋಲು ಕೆಳಗಿಟ್ಟು ಅಂಗೈ ಹಾಕಿದ. ಸಡಿಲ ಚರ್ಮದಿಂದ ಆಳವಾದ, ಮೆತ್ತನೆಯ ಸದ್ದು ಹೊರಟಿತು. ಬಿಗಿದ ಚರ್ಮದಲ್ಲಿ ಅದು ಯಾವತ್ತೂ ಬಂದಿರಲಿಲ್ಲ. ಮೈಕು ಅದನ್ನು ಎತ್ತಿಕೊಂಡು ಚಪ್ಪರದ ಉದ್ದಕ್ಕೂ ಹರಡಿತು. ನಾನು ಒಂದೇ ತಂತಿಯನ್ನು ಅರಚಲು ಬಿಟ್ಟೆ. ಅವನು ಹಾಡಿದ. ಸಿಳ್ಳೆ ನಿಂತಿತು. ಮಾತು ನಿಂತಿತು. ಕಡಲೆಕಾಯಿ ಮಾರುವವರ ಕೂಗೂ ನಿಂತಿತು.

ಅಲ್ಲಿ ದುರುಗಪ್ಪ ಎಡವಿದ. ಜನ ಸುಮ್ಮನಾದದ್ದು ಕಂಡು, ಷೆಡ್ಡಿನಲ್ಲಿ ಆದದ್ದೇ ಇಲ್ಲೂ ಆಯಿತು ಅಂದುಕೊಂಡ. ಅವನ ಮುಖ ಬಿಳಿಚಿದ್ದು ನನಗೆ ಕಂಡಿತು. ನಮಗೆ ಗೊತ್ತಿದ್ದ ಅಳತೆ ಅದೊಂದೇ ಅಲ್ಲವೇ, ಸದ್ದು ನಿಂತರೆ ನಪಾಸು. 'ಊರು ಹಿಂದಕ್ಕೆ' ಅನ್ನುವಲ್ಲಿ ಅವನ ಕೈ ನಿಂತುಹೋಯಿತು.

ಆ ನಿಶ್ಶಬ್ದದಲ್ಲಿ ಹಿಂದಿನಿಂದ ಬೊಮ್ಮಕ್ಕನ ದನಿ ಬಂತು. "ಯಾಕೋ ನಿಲ್ಸಿದೆ? ಕೇಳಾಕತ್ತೀವಿ, ಹೇಳು."

ಅವನು ಹೇಳಿದ. ಮೊದಲಿನಿಂದ ಹೇಳಿದ. ಮುಗಿದ ಮೇಲೆ ಚಪ್ಪರವೇ ಎದ್ದುನಿಂತಿತು. ಚಪ್ಪಾಳೆ, ಕೇಕೆ, "ಇನ್ನೊಮ್ಮೆ, ಇನ್ನೊಮ್ಮೆ". ಮೂರು ಸಲ ಹಾಡಿಸಿದರು. ಮೂರನೇ ಸಲ ಊರು ಹಿಂದಕ್ಕೆ ಓಡ್ತೈತೆ ಅನ್ನೋದನ್ನು ಜನರೇ ಹಾಡಿದರು. ನನ್ನ ಬೆರಳು ಕಿತ್ತು ರಕ್ತ ಬಂದಿತ್ತು, ಗೊತ್ತೇ ಆಗಲಿಲ್ಲ. ವೇದಿಕೆ ಇಳಿಯುವಷ್ಟರಲ್ಲಿ ನ್ಯಾಮತಿಯವರು ಒಂದು ಕಡೆ, ಸವಳಂಗದವರು ಒಂದು ಕಡೆ ನನ್ನ ಕೈ ಹಿಡಿದು ಎಳೆಯುತ್ತಿದ್ದರು.

ದುರುಗಪ್ಪ ಯಾರ ಹತ್ತಿರವೂ ನಿಲ್ಲದೆ ನೇರ ತಾಯಿಯ ಹತ್ತಿರ ಹೋದ. "ಅವ್ವಾ, ಷೆಡ್ಡಿನಾಗೆ ಈ ಹಾಡಿಗೆ ನಿಮ್ ಕೈ ನಿಂತಿತ್ತಲ್ಲ. ಚೆನ್ನಾಗಿಲ್ಲ ಅಂತ ಅಲ್ವೇನು?"

ಬೊಮ್ಮಕ್ಕ ಅವನನ್ನು ನೋಡಿದರು, ಆಮೇಲೆ ನನ್ನನ್ನು. ನನ್ನನ್ನು ನೋಡಿದ್ದೇ ಹೆಚ್ಚು ಹೊತ್ತು.

"ಎಷ್ಟು ಡಬ್ಬ ಸುಲಿದ್ರೆ ಅಷ್ಟೇ ಕೂಲಿ ಕಣ್ರಪ್ಪ ನಮ್ಗೆ. ಕೈ ನಿಂತ್ರೆ ಹೋಗಾದು ನಮ್ ಹೊಟ್ಟೇದು. ಅಂಥಾದ್ರಾಗೆ ಹದಿನೆಂಟು ಜನ ಕೈ ನಿಲ್ಸಿ ಕುಂತಿದ್ವಿ. ಯಾಕೆ ಅಂತ ಒಬ್ರಾದ್ರೂ ಕೇಳಿದ್ರಾ?"

ನಮ್ಮ ತಂದೆ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಾ ಲಾರಿಯ ಕಡೆ ನಡೆದರು.

ದುರುಗಪ್ಪ ಬಿಳಿಚೋಡಿಗೆ ಹೋಗಲಿಲ್ಲ. ಗೊರಬಲು ಪಾರ್ಟಿ ಆರು ವರ್ಷ ಓಡಿತು. ನ್ಯಾಮತಿ, ಸವಳಂಗ, ಬಸವಾಪಟ್ಟಣ, ಎಲ್ಲೆಲ್ಲಿ ಚಪ್ಪರ ಕಟ್ಟಿದರೋ ಅಲ್ಲೆಲ್ಲ. ಅವನು ಇಪ್ಪತ್ತೆರಡು ಹಾಡು ಬರೆದ, ಎಲ್ಲ ಅವನ ಊರ ಮಾತಿನಲ್ಲೇ. 1986ರಲ್ಲಿ ಅವನಿಗೆ ಭದ್ರಾ ನಾಲೆಯ ಆಫೀಸಿನಲ್ಲಿ ಕೆಲಸ ಸಿಕ್ಕಿತು, ತಿಪ್ಪೇಶಿ ಮೇಷ್ಟ್ರಾದ, ನಾನು ಅಡಿಕೆಗೆ ಕೂತೆ. ಕಡೆಯ ಪ್ರೋಗ್ರಾಂ ಜಗಳೂರಿನಲ್ಲೇ ಆಗಬೇಕು ಅಂತ ದುರುಗಪ್ಪನ ಹಟ.

ವೇದಿಕೆಯ ಮೇಲೆ, ಹಂಡೆಯ ಪಕ್ಕದಲ್ಲಿ, ಅವನು ಒಂದು ಮಣೆ ಹಾಕಿಸಿದ. ಅದರ ಮೇಲೆ ಬೊಮ್ಮಕ್ಕ, ಮುಂದೆ ಮೆಟ್ಟುಗತ್ತಿ, ಒಂದು ಬುಟ್ಟಿ ಅಡಿಕೆ, ಕತ್ತಿಯ ಹತ್ತಿರ ಒಂದು ಮೈಕು. ಜಗಳೂರಿನ ಜನಕ್ಕೆ ಅಡಿಕೆ ಸುಲಿಯುವ ವೇದಿಕೆ ಹೊಸದು, ಮೊದಲು ನಕ್ಕರು. ದುರುಗಪ್ಪ ಬಡಿತ ಏರಿಸಿದ, ಬೊಮ್ಮಕ್ಕನ ಕೈ ಏರಿತು, ಟಕ್ ಟಕ್ ಟಕ್ ಅಂತ ಕತ್ತಿ ಚಪ್ಪರದ ತುಂಬ ಓಡಿತು. ಹುಡುಗರು ಕುರ್ಚಿ ಬಿಟ್ಟು ಕುಣಿದರು. ನಾನು ಗಿಟಾರ್ ಹಿಡಿದು ಅವರಿಗಿಂತ ಎತ್ತರಕ್ಕೆ ಹಾರಿದೆ.

ಕಡೆಗೆ ಬಸ್ಸಿನ ಹಾಡು. ದುರುಗಪ್ಪ ಕೋಲು ಕೆಳಗಿಟ್ಟ. ಬೊಮ್ಮಕ್ಕ ಮೊದಲ ಸಾಲಿಗೆ ಸುಲಿದರು. ಎರಡನೇ ಸಾಲಿಗೆ, ಕೈಯಲ್ಲಿದ್ದ ಅಡಿಕೆಯನ್ನು ಬುಟ್ಟಿಗೆ ವಾಪಸು ಹಾಕಿ, ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು ಮಗನ ಕಡೆ ತಿರುಗಿ ಕೂತರು.