ನೊರೆ ಇಲ್ಲದ ಕಡೆ ಇಳಿದದ್ದು

ಅಕ್ಕಿಹೆಬ್ಬಾಳಿನಲ್ಲಿ ಬೆಳಗಿನ ರೈಲು ಹತ್ತಿದವರು ನಾವಿಬ್ಬರೇ: ನಾನು, ನನ್ನ ಹೆಂಡತಿಯ ತಮ್ಮ ಕುಮಾರ. ಐವತ್ತು ದಾಟಿದರೂ ನಾನು ಸಮುದ್ರ ನೋಡಿರಲಿಲ್ಲ. ಹಾಸನದಲ್ಲಿ ಇಳಿದು ಮಂಗಳೂರು ಬಸ್ಸು ಹಿಡಿದೆವು. ಶಿರಾಡಿ ಘಾಟಿ ಇಳಿಯುವಷ್ಟರಲ್ಲಿ ಕಟ್ಟಿಕೊಂಡು ಹೋಗಿದ್ದ ಪುಳಿಯೋಗರೆ ಮುಗಿಯಿತು, ನನ್ನ ಬಡಾಯಿ ಮುಗಿಯಲಿಲ್ಲ. ತುಂಬಿದ ಹೇಮಾವತಿಯನ್ನು ಈಜಿ ದಾಟಿದವನು ನಾನು ಎಂದು ಪಕ್ಕದ ಸೀಟಿನವರಿಗೂ ಹೇಳಿದೆ. ರಾತ್ರಿ ಲಾಡ್ಜಿನ ಕುಚ್ಚಲಕ್ಕಿ ಅನ್ನ ಕುಮಾರನಿಗೆ ಹಿಡಿಸಿತು, ಮುದ್ದೆ ತಿನ್ನುವ ನನಗೆ ಹಿಡಿಸಲಿಲ್ಲ.

ಮಾರನೆಯ ದಿನ ಹನ್ನೊಂದಕ್ಕೆಲ್ಲ ಮರಳು ಕಾಲು ಸುಡುತ್ತಿತ್ತು. ಜನರೆಲ್ಲ ನೊರೆಯೇಳುವ ಅಲೆಗಳಲ್ಲಿ ಸೊಂಟದವರೆಗೆ ನಿಂತು ಕಿರುಚುತ್ತಿದ್ದರು. ತುಸು ಆಚೆ ನಾಲೆಯಷ್ಟು ಅಗಲಕ್ಕೆ ನೀರು ಸುಮ್ಮನಿತ್ತು, ಅಲೆಯೂ ಇಲ್ಲ, ನೊರೆಯೂ ಇಲ್ಲ. ನಮ್ಮ ಹೊಳೆಯಲ್ಲಿ ನೊರೆ ಕಂಡರೆ ಕೆಳಗೆ ಬಂಡೆ ಇದೆಯೆಂದೇ ಅರ್ಥ. ಈಜು ಬಲ್ಲವನು ಸುಮ್ಮನಿರುವ ನೀರಿಗೇ ಇಳಿಯುತ್ತಾನೆ. ಅಲ್ಲಿ ಕೆಂಪು ಬಾವುಟ ನೆಟ್ಟಿದ್ದರು. ನನ್ನಂಥ ಜಂಬದ ಕೋಳಿಗೆ ಬಾವುಟ ಯಾವ ಲೆಕ್ಕ?

ಜೀವರಕ್ಷಕ ಸೀಟಿ ಊದುತ್ತಾ ಓಡಿ ಬಂದ. "ಅಲ್ಲಿ ಇಳೀಬೇಡಿ ಮಾರಾಯ್ರೆ, ಅಲ್ಲಿ ನೀರು ಒಳಗೆ ಎಳ್ಕೊಂಡು ಹೋಗ್ತದೆ."

"ಈಜು ಬರ್ದೇ ಇರೋರ್ಗೆ ಏಳಿ ಸ್ವಾಮಿ ಅದ್ನ," ಎಂದೆ.

ಕುಮಾರ ಹಿಂದೇಟು ಹಾಕಿದ. "ಬ್ಯಾಡ ಭಾವ, ಅವ್ರು ದಿನಾ ನೋಡೋರು."

"ಬಾರ್ಲಾ, ನಾನಿಲ್ವಾ?" ಎಂದು ಅವನ ಕೈ ಹಿಡಿದು ಎಳೆದೆ.

ಹತ್ತು ಮಾರು ಹೋಗುವುದರೊಳಗೆ ಕಾಲಿಗೆ ನೆಲ ಸಿಗಲಿಲ್ಲ. ಹೊಳೆಯಲ್ಲಾದರೆ ಸೆಳವಿಗೆ ಅಡ್ಡಲಾಗಿ ಈಜುತ್ತಿದ್ದೆ. ಇಲ್ಲಿ ದಡ ಎದುರಿಗೇ ಕಾಣುತ್ತಿತ್ತಲ್ಲ, ನೇರ ಅದರತ್ತಲೇ ಬಡಿದಾಡಿದೆ. ಅದು ದೂರವಾಗುತ್ತಲೇ ಹೋಯಿತು. ಸೋತ ಕುಮಾರ ನನ್ನ ಹೆಗಲು ಹಿಡಿದ. ಇಬ್ಬರೂ ಮುಳುಗಿದೆವು. ಆಗ ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ: ಅವನ ಎದೆಗೆ ಒದ್ದು ಬಿಡಿಸಿಕೊಂಡೆ.

ಜೀವರಕ್ಷಕ ತೇಲುಹಲಗೆ ತಂದು ಮೊದಲು ಅವನನ್ನು, ಆಮೇಲೆ ನನ್ನನ್ನು ಹಿಡಿದ. ಅಡ್ಡಲಾಗಿ ಸಾಗಿಸಿ ನೊರೆಯಿದ್ದ ಕಡೆಯಿಂದಲೇ ದಡ ಮುಟ್ಟಿಸಿದ.

ವಾಪಸು ಬರುವಾಗ ಕುಮಾರ ಕಿಟಕಿಯ ಪಕ್ಕ ಕೂತು ಆಗಾಗ ಎದೆ ಒತ್ತಿಕೊಳ್ಳುತ್ತಿದ್ದ. ಸಕಲೇಶಪುರದಲ್ಲಿ ಕಾಫಿ ತಂದುಕೊಟ್ಟೆ. ಕುಡಿದು ಲೋಟ ಕೊಟ್ಟ, ಅಷ್ಟೆ.

ಅವನನ್ನು ಬಿಡಲು ಸಿಂಧಘಟ್ಟಕ್ಕೆ, ಅತ್ತೆಯ ಮನೆಗೆ ಹೋದೆ. ಅತ್ತೆ ಕಾಲು ತೊಳೆಯಲು ಚೊಂಬಿನಲ್ಲಿ ನೀರು ತಂದರು. "ಎಂಗಿತ್ಲಾ ಸಮುದ್ರ?" ಎಂದು ಮಗನನ್ನು ಕೇಳಿದರು.

"ಎಳ್ಕೊಂಡೋಗ್ಬುಟ್ಟಿತ್ತು ಕಣವ್ವ," ಎಂದ ಕುಮಾರ, ನನ್ನ ಕಡೆ ನೋಡದೆ. "ಭಾವ ಕೈ ಬುಡ್ನಿಲ್ಲ."

ಅತ್ತೆಯ ಕಣ್ಣು ತುಂಬಿತು. ಚೊಂಬನ್ನು ನನ್ನ ಕೈಗೆ ಕೊಡದೆ, ತಾವೇ ಬಗ್ಗಿ ನನ್ನ ಕಾಲಿಗೆ ನೀರು ಹಾಕಿದರು. ಎರಡೂ ಕಾಲು ತೊಳೆಸಿಕೊಂಡು, ಒಳಗೆ ಹೋಗಿ ಉಂಡೆ.