ಪೂಜೆಯಿಂದ ಎತ್ತಿದ ಪಾನಾ

ಮೋಟೆಬೆನ್ನೂರಿನ ಹೆದ್ದಾರಿ ಬದಿಯ ಟೈರ್ ಅಂಗಡಿಯ ತಿರಕಪ್ಪ ವರ್ಷವೆಲ್ಲ ಒಳ್ಳೆಯ ಮನುಷ್ಯ. ಖಂಡೇನವಮಿಯ, ಅಂದರೆ ಆಯುಧಪೂಜೆಯ ದಿನ ಮಾತ್ರ ಅವನಷ್ಟು ಮೊಂಡ ಇನ್ನೊಬ್ಬನಿರಲಿಲ್ಲ. ಅವನಪ್ಪ ಚಕ್ಕಡಿ ಗಾಲಿಗೆ ಕಬ್ಬಿಣದ ಹಳಿ ಕಟ್ಟುತ್ತಿದ್ದವನು. ಮಗ ರಾಣೆಬೆನ್ನೂರಿನಲ್ಲಿ ಟೈರಿನ ಕೆಲಸ ಕಲಿತು ಬಂದರೂ ಅಪ್ಪನ ನೇಮ ಬಿಟ್ಟಿರಲಿಲ್ಲ. ಜಾಕು, ನಟ್ಟು ತಿರುಗಿಸುವ ಪಾನಾ, ಸುತ್ತಿಗೆಗಳನ್ನು ತೊಳೆದು ಕಂಬಳಿಯ ಮೇಲೆ ಪೂಜೆಗಿಟ್ಟನೆಂದರೆ ಮುಗಿಯಿತು, ಮರುದಿನ ಬನ್ನಿ ಕೊಟ್ಟು ತೊಗೊಳ್ಳುವವರೆಗೆ ಯಾವ ಸಾಹುಕಾರ ಬಂದರೂ ಒಂದು ನಟ್ಟು ಸಡಿಲಿಸುತ್ತಿರಲಿಲ್ಲ. ಹಿಂದಿನ ವರ್ಷ ಬ್ಯಾಡಗಿಯ ಲಾರಿ ಚಾಲಕ ಶಮಶೇರಸಾಬನ ಗಾಲಿ ಅಂಗಡಿಯ ಎದುರಿಗೇ ಪಂಕ್ಚರ್ ಆಗಿತ್ತು. ಅವನು ಎಷ್ಟು ಗೋಗರೆದರೂ ತಿರಕಪ್ಪ ಪಾಯಸದ ಬಟ್ಟಲು ಕೊಟ್ಟನೇ ಹೊರತು ಪಾನಾ ಮುಟ್ಟಲಿಲ್ಲ. ಪಾಪ, ಶಮಶೇರ ಪಾಯಸ ಕುಡಿದು ಕ್ಯಾಬಿನ್ನಿನಲ್ಲೇ ಮಲಗಿದ.

ಈ ಸಲ, ಅಂದರೆ ೨೦೦೯ರಲ್ಲಿ, ಶಮಶೇರ ಜಾಣನಾಗಿದ್ದ. ಬೆಳಗ್ಗೆ ಪೂಜೆಗೆ ಮೊದಲೇ ಲಾರಿ ತಂದು ನಿಲ್ಲಿಸಿದ. ಅಂಚು ಸವೆದ ಮುಂದಿನ ಗಾಲಿಗಳನ್ನು ಹಿಂದಕ್ಕೆ ಹಾಕಿ, ಹಿಂದಿನವನ್ನು ಮುಂದಕ್ಕೆ ತರಬೇಕಿತ್ತು. ಗಾಳಿ ತುಂಬುವ ಪ್ರತಿ ವಾಲ್ವಿನ ಮೇಲೂ ಹೊಸದಾಗಿ ಒಂದು ಪುಟ್ಟ ಟೋಪಿ ಕೂತಿತ್ತು. ಲಾರಿಯ ಮಾಲೀಕ ಎಲ್ಲಿಂದಲೋ ತರಿಸಿ ಹಾಕಿಸಿದ್ದ.

"ಇವು ಸೆನ್ಸರ್ ಕಾಕಾ. ಗಾಳಿ ಕಮ್ಮಿ ಆತಂದ್ರ ಕ್ಯಾಬಿನ್ನಿನಾಗಿನ ಡಬ್ಬಿಗೆ ಹೇಳತಾವು, ಆ ಗಾಲೀ ದೀಪ ಕೆಂಪ ಆಗತೈತಿ. ಗಾಲಿ ಎಲ್ಲಿ ಬೇಕಾದಲ್ಲಿ ಹೋಗಲಿ, ಟೋಪಿ ಮಾತ್ರ ತನ್ನ ಜಾಗಾದಾಗನ ಇರಬೇಕು. ನಂಬರ್ ಚೀಟಿ ಹಚ್ಚೇನಿ ನೋಡ್ರಿ," ಎಂದು ಶಮಶೇರ ಟೋಪಿ ಬಿಚ್ಚುವ ತೆಳ್ಳನೆಯ ಪಾನಾ ಕೈಗಿಟ್ಟ. "ಇದು ನಿಮ್ಮ ಹತ್ರನ ಇರಲಿ. ಗಾಲಿ ಬದಲಿ ಮಾಡೋರು ನೀವ ಅಲ್ಲೇನು?" ಎಂದು ಹೇಳಿ ಚಹಾಕ್ಕೆ ಹೋದ.

ತಿರಕಪ್ಪ ಟೋಪಿಗಳನ್ನು ಬಿಚ್ಚಿ ತಟ್ಟೆಯಲ್ಲಿಟ್ಟು ಗಾಲಿಗಳ ಜೊತೆ ಗುದ್ದಾಡತೊಡಗಿದ. ಅಷ್ಟರಲ್ಲಿ ಪೂಜೆಯ ಸಾಮಾನು ತೊಳೆಯಲು ಅವನ ಹೆಂಡತಿ ಬಸವಣ್ಣೆವ್ವ ಬಂದಳು. ಜಿಡ್ಡು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು. ಪಾನಾಗಳ ಜೊತೆ ಟೋಪಿಗಳನ್ನೂ ಸೀಗೆಪುಡಿ ಹಾಕಿ ತಿಕ್ಕಿ, ಅಂಟಿಕೊಂಡಿದ್ದ ಕಾಗದದ ಚೂರುಗಳನ್ನು ಉಗುರಿನಿಂದ ಕಿತ್ತು, ಒಂದೊಂದಕ್ಕೂ ಕುಂಕುಮ ಹಚ್ಚಿ ತಂದಿಟ್ಟಳು. ನಂಬರ್ ಚೀಟಿ ಒಂದೂ ಉಳಿದಿರಲಿಲ್ಲ, ತಿರಕಪ್ಪ ಬೆಪ್ಪಾಗಿ ನೋಡಿದ. ಹಬ್ಬದ ದಿನ ಹೆಂಡತಿಯನ್ನು ಬೈಯಲು ಮನಸ್ಸಾಗಲಿಲ್ಲ. ಶಮಶೇರನನ್ನು ಕೇಳಲು ಮರ್ಯಾದೆ ಅಡ್ಡಬಂತು. ಎಲ್ಲಾ ಒಂದೇ ಥರ ಅದಾವಲ್ಲ ಅಂದುಕೊಂಡು ಕೈಗೆ ಸಿಕ್ಕ ಹಾಗೆ ವಾಲ್ವುಗಳಿಗೆ ತಿರುಗಿಸಿಬಿಟ್ಟ. ಗಾಳಿ ತುಂಬಿದ್ದರಿಂದ ಡಬ್ಬಿಯ ದೀಪಗಳೆಲ್ಲ ಹಸಿರಾದವು. ಶಮಶೇರ ಖುಷಿಯಿಂದ ಮೆಣಸಿನಕಾಯಿ ಹೇರಲು ಬ್ಯಾಡಗಿಗೆ ಹೋದ. ಆ ತೆಳ್ಳನೆಯ ಪಾನಾವೂ ಉಳಿದವುಗಳ ಜೊತೆ ಪೂಜೆಗೆ ಕೂತಿತು.

ಹೋಳಿಗೆ ಉಂಡು ಮಲಗಿ ಎದ್ದ ಮೇಲೆ ಬಸವಣ್ಣೆವ್ವ ಕೇಳಿದಳು: "ಆ ಟೋಪಿ ಏನ ಮಾಡತಾವ್ರಿ?"

ತಿರಕಪ್ಪ ಎಲೆಯಡಿಕೆ ಮೆಲ್ಲುತ್ತ ದೊಡ್ಡ ಪಂಡಿತನ ಹಾಗೆ ಶುರುಮಾಡಿದ. "ಈಗ ಮುಂದಿನ ಎಡಗಾಲಿ ಸೋರತೈತಿ ಅಂತ ತಿಳಿ. ಅದರ ದೀಪ ಕೆಂಪ ಆಗತೈತಿ. ಶಮಶೇರ ಇಳದು ಆ ಗಾಲಿ..."

ಮಾತು ಅಲ್ಲಿಗೇ ನಿಂತಿತು. ಮುಂದಕ್ಕೆ ಬಂದ ಎಡಗಾಲಿಗೆ ಅವನೇ ಹಿಂದೊಮ್ಮೆ ಹಾಕಿದ ಪ್ಯಾಚ್ ಇತ್ತು. ಅದು ಸೋರಿದರೆ ಕೆಂಪಾಗುವುದು ಇನ್ಯಾವುದೋ ಗಾಲಿಯ ದೀಪ. ಶಮಶೇರ ಆ ಗಾಲಿಗೆ ಒದ್ದು ನೋಡುತ್ತಾನೆ, ಗಟ್ಟಿಯಾಗಿರುತ್ತದೆ, ಡಬ್ಬಿ ಕೆಟ್ಟಿದೆ ಎಂದು ಬೈದು ಹೊರಡುತ್ತಾನೆ. ಮಾಲು ಮಂಗಳೂರಿಗೆ ಹೋಗುವಂಥದ್ದು. ತುಂಬಿದ ಲಾರಿ, ಘಟ್ಟದ ಇಳುಕಲು. ತಿರಕಪ್ಪ ಎಲೆಯಡಿಕೆ ಉಗುಳಿ ಎದ್ದ. ಫೋನ್ ಮಾಡಿದ, ಗಂಟೆ ಹೊಡೆಯಿತೇ ಹೊರತು ಶಮಶೇರ ಎತ್ತಲಿಲ್ಲ.

ಕಂಬಳಿಯ ಮುಂದೆ ಬಂದು ನಿಂತ. ದೀಪ ಇನ್ನೂ ಉರಿಯುತ್ತಿತ್ತು. ಕೈ ಮುಂದೆ ಹೋಗಲೊಲ್ಲದು. ಅವನಿಗೆ ನಿಜವಾಗಿಯೂ ಅಂಜಿಕೆಯಾಯಿತು.

"ನಾಳೆ ಬನ್ನಿ ಮುಡಿದು ಹೋದ್ರ ಆಗಂಗಿಲ್ಲೇನ್ರಿ?" ಎಂದಳು ಬಸವಣ್ಣೆವ್ವ.

"ನಾಳೆ ಅನ್ನೂದ್ರಾಗ ಅಂವ ಘಟ್ಟ ಇಳಿದಿರತಾನ."

ಕೈಮುಗಿದು, ಕಣ್ಣು ಮುಚ್ಚಿ, ತೆಳ್ಳನೆಯ ಪಾನಾ ಎತ್ತಿ ಜೇಬಿಗಿಟ್ಟುಕೊಂಡ. ಹಳೆಯ ಲೂನಾ ಹತ್ತಿ ಬ್ಯಾಡಗಿಯ ದಾರಿ ಹಿಡಿದ.

ಅವನು ಮುಟ್ಟುವಷ್ಟರಲ್ಲಿ ಲಾರಿಗೆ ತಾಡಪತ್ರಿ ಕಟ್ಟಿ ಮುಗಿದಿತ್ತು, ಎಂಜಿನ್ ಚಾಲೂ ಇತ್ತು. "ಡಬ್ಬಿ ನೋಡಕೋತ ಕುಂದ್ರು," ಎಂದಷ್ಟೇ ಶಮಶೇರನಿಗೆ ಹೇಳಿ ತಿರಕಪ್ಪ ಮುಂದಿನ ಎಡಗಾಲಿಯ ಟೋಪಿ ಬಿಚ್ಚಿದ.

"ಕಾಕಾ, ಹಿಂದಿನ ಬಲಗಾಲಿ ಕೆಂಪ ಆತಲ್ರಿ!" ಎಂದು ಕೂಗಿದ ಶಮಶೇರ, ಆಮೇಲೆ ಟೋಪಿಗಳು ಅದಲುಬದಲಾಗಿವೆ ಎಂದು ಹೊಳೆದು ಡಬ್ಬಿಯ ಮೇಲೇ ಕಣ್ಣಿಟ್ಟ. ಒಂದೊಂದೇ ಟೋಪಿ ಬಿಚ್ಚಿ, ಯಾವ ದೀಪ ಕೆಂಪಾಯಿತೆಂದು ಕೇಳಿ, ತಿರಕಪ್ಪ ಎಲ್ಲವನ್ನೂ ಅವುಗಳ ಜಾಗಕ್ಕೆ ಹಾಕಿದ. ಶಮಶೇರ ಕೆಳಗಿಳಿದು ಬಂದು ಪಾನಾ ಇಸಿದುಕೊಂಡ. ಅದರ ಮೇಲೆ ಕುಂಕುಮವಿತ್ತು.

"ಪೂಜಾದಾಗಿಂದು ಎತ್ತೀರೇನು ಕಾಕಾ? ಹೋದ ವರ್ಷ ನಾ ಅಷ್ಟು ಗೋಗರೆದ್ರೂ ಮುಟ್ಟಲಿಲ್ಲ."

"ಅವತ್ತ ತಪ್ಪು ನಿನ್ನ ಗಾಲೀದಿತ್ತು," ಎಂದ ತಿರಕಪ್ಪ. "ಇವತ್ತಿನ ತಪ್ಪು ನಂದೈತಿ."

ಶಮಶೇರ ಹೆಗಲ ಮೇಲಿನ ವಸ್ತ್ರ ತೆಗೆದು, ಕುಂಕುಮ ಅಳಿಯದ ಹಾಗೆ ಪಾನಾ ಅದರಲ್ಲಿ ಸುತ್ತಿ, ಎರಡೂ ಕೈಯಿಂದ ತಿರಕಪ್ಪನಿಗೆ ಕೊಟ್ಟ.