ವೈರಿಗೆ ದಡಿ ಬ್ಯಾಡ

ವೈರಿಯನ್ನು ಗುರುತಿಸುವುದು ಮನುಷ್ಯನಿಗೆ ಒದಗಿದ ಕಷ್ಟಗಳಲ್ಲೆಲ್ಲ ದೊಡ್ಡದು. ಇದರಲ್ಲಿ ಎಡವಿಯೇ ಎಷ್ಟೋ ಸಾಮ್ರಾಜ್ಯಗಳು ಮಣ್ಣುಗೂಡಿವೆ. ಬನಹಟ್ಟಿಯ ಗುರುಲಿಂಗಪ್ಪನಿಗೆ ಈ ಕಷ್ಟ ಇರಲಿಲ್ಲ. ಬೆಳಿಗ್ಗೆ ಎದ್ದ ಮೇಲೆ ಮೊದಲು ಎದುರಿಗೆ ಬಂದವನೇ ವೈರಿ. ಯಾರೂ ಬರದಿದ್ದರೆ ಚಹಾದ ಮೇಲೆ ಸಿಟ್ಟಾಗುತ್ತಿದ್ದ.

ನನಗಿಂತ ಹಿರಿಯನಾದವನ ಬಗ್ಗೆ ಬಹುವಚನದಲ್ಲಿ ಬರೆಯುವುದು ಮರ್ಯಾದೆ ಎಂದು ನನಗೂ ಗೊತ್ತು. ಆದರೆ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಇಳಿದ ಮೇಲೆ ತಿದ್ದಿಕೊಳ್ಳುತ್ತೇನೆ.

ಅವನದು ಸೀರೆ ವ್ಯಾಪಾರದ ಮನೆತನ. ನೇಕಾರರು ನೇಯ್ದು ತಂದ ಸೀರೆಗಳನ್ನು ಮುಂಜಾನೆ ಒಂದೊಂದಾಗಿ ಬಿಚ್ಚಿ, ಬಾಗಿಲ ಬೆಳಕಿಗೆ ಹಿಡಿದು, ಎಳೆ ತಪ್ಪಿದ ಕಡೆಯಲ್ಲೆಲ್ಲ ಅಂಚಿಗೊಂದು ಕೆಂಪು ದಾರ ಕಟ್ಟುವುದು ಅವನ ಕೆಲಸ. ದಾರ ಕಂಡಲ್ಲಿ ತಪ್ಪು ಇದೆ ಎಂದು ಕೊಳ್ಳುವವನಿಗೂ ಗೊತ್ತಾಗಬೇಕು, ನೇಯ್ದವನಿಗೂ ನಾಚಿಕೆಯಾಗಬೇಕು. ಅಂಗೈಯಗಲದ ಬಟ್ಟೆಯಲ್ಲಿ ಕೂದಲಿನಷ್ಟು ದೋಷವಿದ್ದರೂ ತನ್ನ ಕಣ್ಣಿಗೆ ಬೀಳುತ್ತದೆಂಬುದು ಅವನ ಬಡಿವಾರ. "ದೇವ್ರು ಕಣ್ಣ ಯಾಕ ಕೊಟ್ಟಾನಲೇ, ಕಾಡಿಗಿ ಹಚ್ಚಾಕಷ್ಟ ಏನು?" ಎಂಬುದು ದಿನಕ್ಕೆ ಹಲವು ಸಲ ಬರುವ ಮಾತು. ಕೇಳುವವರಲ್ಲಿ ಕಾಡಿಗೆ ಹಚ್ಚಿಕೊಂಡವರು ಒಬ್ಬರೂ ಇರುತ್ತಿರಲಿಲ್ಲ.

ಅಂಗಡಿಯ ಮೇಲಿನ ಅಟ್ಟದ ಕೋಣೆಯಲ್ಲಿ ಅವನು ಕಂಪ್ಯೂಟರ್ ಕೇಂದ್ರ ಇಟ್ಟದ್ದು ಎರಡು ಸಾವಿರದ ಏಳೆಂಟರ ಸುಮಾರಿಗೆ. ಎಂಟು ಯಂತ್ರಗಳು, ಎಂಟಕ್ಕೂ ಒಂದೇ ವಾಯರಿನ ನಂಟು. ಪರೀಕ್ಷೆಯ ಫಲಿತಾಂಶ ನೋಡಲೆಂದು ತೆರೆದ ಆ ಕೇಂದ್ರ ಒಂದೇ ವರ್ಷದಲ್ಲಿ ರಣರಂಗವಾಯಿತು. ಕಾರಣ ಲೋಡ್ ಶೆಡ್ಡಿಂಗ್. ಕರೆಂಟು ಹೋದರೆ ಊರಿನ ಮಗ್ಗಗಳೆಲ್ಲ ಒಮ್ಮೆಲೇ ನಿಲ್ಲುತ್ತಿದ್ದವು. ನಿಂತ ಮಗ್ಗದ ಮುಂದೆ ಕುಳಿತು ಮಾಡುವುದೇನು? ಗುರುಲಿಂಗಪ್ಪನ ಹಿತ್ತಿಲಲ್ಲಿ ಜನರೇಟರ್ ಗುಡುಗತೊಡಗಿದರೆ ಸಾಕು, ಮೈಮೇಲಿನ ನೂಲಿನ ಧೂಳು ಜಾಡಿಸುತ್ತ ನೇಕಾರರು ಮೆಟ್ಟಿಲು ಹತ್ತಿ ಬರುವರು. ನಾಲ್ವರು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ಪರದೆಯಲ್ಲಿ ಪಾಳುಬಿದ್ದ ಪಟ್ಟಣ, ಕೈಯಲ್ಲಿ ಬಂದೂಕು. ನಮ್ಮವರ ತೋಳಿಗೆ ಹಸಿರು ಪಟ್ಟಿ, ವೈರಿಯ ತೋಳಿಗೆ ಕೆಂಪು.

ನಾನು ಜಮಖಂಡಿಯ ಶಾಲೆಯೊಂದರಲ್ಲಿ ಇತಿಹಾಸ ಹೇಳುತ್ತಿದ್ದವನು; ಮನೆ ಬನಹಟ್ಟಿಯಲ್ಲಿ. ಅಷ್ಟೊಂದು ಯುದ್ಧಗಳ ಪಾಠ ಮಾಡಿಯೂ ಒಂದನ್ನಾದರೂ ಮಾಡಿ ನೋಡಲಿಲ್ಲವಲ್ಲ ಎಂಬ ಕೊರಗಿನಿಂದ ನಾನೂ ಸೇರಿಕೊಂಡೆ. ಆ ಪಟ್ಟಣದಲ್ಲಿ ನಾನು ಸಾಯದ ಓಣಿಯಿಲ್ಲ.

ಗುರುಲಿಂಗಪ್ಪ ಸ್ವತಃ ಆಡುತ್ತಿದ್ದ. ಹಳೆಯ ಸೀರೆಯ ತುಂಡಿನಿಂದ ಪರದೆ ಒರೆಸಿ, ಎರಡೂ ಕೈಗಳನ್ನು ಧೋತರಕ್ಕೆ ಉಜ್ಜಿಕೊಂಡು, ದೇವರಿಗೆ ಕೂತಂತೆ ಕೂರುವನು. ಕತ್ತಲ ಮೂಲೆಯಲ್ಲಿ ಅಡಗಿದ ವೈರಿಯ ಟೊಪ್ಪಿಗೆಯ ತುದಿ ಕಂಡರೂ ಬಿಡುತ್ತಿರಲಿಲ್ಲ.

ಹೀಗಿರುವಾಗ ಆಟದ ಹೊಸ ಆವೃತ್ತಿ ಬಂತು. ಅದರಲ್ಲೊಂದು ಸೌಕರ್ಯ: ಒಂದು ಗುಂಡಿ ಒತ್ತಿದರೆ ವೈರಿಯ ಮೈಸುತ್ತ ಹೊಳೆಯುವ ಗೆರೆ ಮೂಡುತ್ತದೆ. ನೆರಳಿನಲ್ಲಿರಲಿ, ಹೊಗೆಯಲ್ಲಿರಲಿ, ಗೆರೆ ಇದ್ದವನು ವೈರಿ, ಇಲ್ಲದವನು ನಮ್ಮವನು. ಹುಡುಕುವ ತ್ರಾಸಿಲ್ಲ. ನೇಕಾರರು ಅದಕ್ಕೆ ಹೆಸರಿಡಲು ಯೋಚಿಸಲೇ ಇಲ್ಲ. ಸೀರೆಯ ಅಂಚಿಗೆ ಏನೆನ್ನುತ್ತಾರೋ ಅದನ್ನೇ ಅಂದರು: ದಡಿ.

ದಡಿ ಕಂಡ ಮೊದಲ ದಿನವೇ ಗುರುಲಿಂಗಪ್ಪ ಎದ್ದು ನಿಂತ. "ಯಾಂವಲೇ ಇದನ್ನ ಹಚ್ಚಿದಾಂವ? ವೈರಿ ಏನ್ ಮದುವಿಗಿ ಹೊಂಟಾನೇನು, ಜರಿ ದಡಿ ಹಚ್ಚಾಕ? ಹುಡಿಕಿ ಹೊಡಿಯೋದು ಲಡಾಯಿ. ತೋರಿಸಿ ಹೊಡಿಯೋದು ಕಸಾಯಿಖಾನಿ!"

"ಸಾವ್ಕಾರ್ರ, ಜಮಖಂಡ್ಯಾಗ ಎಲ್ಲಾರೂ ದಡಿ ಹಚ್ಚೇ ಆಡತಾರ್ರಿ" ಎಂದನೊಬ್ಬ.

"ಹಂಗಾರ ಜಮಖಂಡಿಗಿ ಹೋಗಿ ಸಾಯಿ. ಬಸ್ಸು ಐತಿ."

ಇನ್ನೊಬ್ಬ ಹೇಳಿದ: "ನಿಮ್ಮದು ಹೊಸಾ ಪರದೆ. ನಮ್ಮ ಡಬ್ಬಿಯೊಳಗ ಮಧ್ಯಾಹ್ನನೂ ಅಮಾಸಿ ಕಂಡಂಗ ಕಾಣತೈತಿ. ಒಂದ್ ದಿನ ಇಲ್ಲಿ ಕುಂದ್ರಿ ನೋಡೂಣು."

ಕೋಣೆಯ ಒಂದೇ ಒಂದು ಹೊಸ ಪರದೆ ಅವನ ಮುಂದಿತ್ತು ಎಂಬುದು ನಿಜ. ಆದರೂ ಅವನು ಎಲ್ಲ ಯಂತ್ರಗಳಲ್ಲೂ ದಡಿಯನ್ನು ತೆಗೆಸಿ, ಯಾರೂ ಮತ್ತೆ ಹಚ್ಚದಂತೆ ಬೀಗಸಂಖ್ಯೆ ಹಾಕಿಸಿಬಿಟ್ಟ. ವಾದ ಮಾತ್ರ ತಿಂಗಳುಗಟ್ಟಲೆ ನಡೆಯಿತು. ಚಹಾದಂಗಡಿಯಲ್ಲಿ ದಡಿಯ ಪಕ್ಷ, ದಡಿ ವಿರೋಧಿ ಪಕ್ಷ ಎಂದು ಬೆಂಚುಗಳು ಬೇರೆಯಾದವು. ನಾನು ನ್ಯಾಯಮೂರ್ತಿಯ ಗಾಂಭೀರ್ಯದಿಂದ ಎರಡೂ ಬೆಂಚುಗಳಲ್ಲಿ ಚಹಾ ಕುಡಿದೆ.

ಅವನ ಸಿಟ್ಟೆಲ್ಲ ಕೆಟ್ಟದ್ದೆಂದು ಹೇಳಿದರೆ ಸುಳ್ಳಾಗುತ್ತದೆ. ಜ್ವರದಲ್ಲೂ ಮಗ್ಗ ನಡೆಸುತ್ತಿದ್ದ ಮಾದೇವನೆಂಬ ನೇಕಾರನನ್ನು ಒಮ್ಮೆ ಹಿಡಿದೆಳೆದು ತನ್ನ ಜೀಪಿನಲ್ಲಿ ಮುಧೋಳದ ದವಾಖಾನೆಗೆ ಒಯ್ದವನು ಅವನೇ. ದಾರಿಯುದ್ದಕ್ಕೂ ಬೈದ. "ಸಾಯೂದಿದ್ರ ಸೀರಿ ಮುಗಿಸಿ ಸಾಯಿ ಮಗನ, ಅರ್ಧಾ ಬಿಟ್ಟು ಸತ್ತೀಯಂದ್ರ ನಿನ್ನ ಬಿಡೂದಿಲ್ಲ." ಎರಡು ದಿನ ದವಾಖಾನೆಯ ಕಟ್ಟೆಯ ಮೇಲೆ ಮಲಗಿ, ಡಾಕ್ಟರಿಗೂ ಬೈದು, ಮಾದೇವನನ್ನು ಮನೆಗೆ ಕರೆತಂದ.

ಈ ಮಾದೇವ ಕಡಿಮೆ ಮಾತಿನ ಮನುಷ್ಯ. ಅವನ ಸೀರೆಗಳಿಗೆ ಗುರುಲಿಂಗಪ್ಪ ಒಮ್ಮೆಯೂ ಕೆಂಪು ದಾರ ಕಟ್ಟಿದ್ದನ್ನು ನಾನು ನೋಡಿಲ್ಲ. ಆಟದಲ್ಲಿ ಮಾತ್ರ ಅವನಷ್ಟು ಅಪಾಯಕಾರಿ ಇನ್ನೊಬ್ಬನಿರಲಿಲ್ಲ, ಅದೂ ನಮಗೆ. ಎದುರು ಸಿಕ್ಕ ಯಾರನ್ನೂ ಬಿಡದೆ ಹೊಡೆಯುತ್ತಿದ್ದ. ನನ್ನ ಮರಣಗಳಲ್ಲಿ ಅರ್ಧದಷ್ಟು ನನ್ನದೇ ಪಕ್ಷದ ಮಾದೇವನ ಕೊಡುಗೆ. "ಮಾದೇವಗ ಭೇದಭಾವ ಇಲ್ಲ ನೋಡ್ರಿ" ಎಂದು ಎಲ್ಲರೂ ನಗುವರು. ಅವನೂ ನಗುವನು.

ಆ ದಿನ ಮಧ್ಯಾಹ್ನ ಕರೆಂಟು ಹೋಗಿತ್ತು. ಆಟ ಕೊನೆಗೆ ಬಂದಿತ್ತು. ಗುರುಲಿಂಗಪ್ಪ ಒಬ್ಬನೇ ಮೂವರು ವೈರಿಗಳನ್ನು ಮುಗಿಸಿ, ನಾಲ್ಕನೆಯವನ ಬೆನ್ನು ಹತ್ತಿ ಮೆಟ್ಟಿಲು ಏರುತ್ತಿದ್ದ. ಮೇಲಿನಿಂದ ಗುಂಡು ಬಂತು. ಹೊಡೆದವನು ಮಾದೇವ.

ಗುರುಲಿಂಗಪ್ಪ ಕುರ್ಚಿ ಹಿಂದಕ್ಕೆ ನೂಕಿ ಅವನ ಹತ್ತಿರ ಬಂದ. "ಕುಡ್ಡ ಅದೀಯೇನಲೇ? ಹಸರ ಪಟ್ಟಿ ಕಾಣಲಿಲ್ಲ?"

ಜನರೇಟರಿನ ಗದ್ದಲದಲ್ಲಿ ಪಕ್ಕದವನ ಮಾತು ಪಕ್ಕದವನಿಗೆ ಕೇಳುತ್ತಿರಲಿಲ್ಲ. ಮಾದೇವ ಎದ್ದು ಅವನ ಕಿವಿಗೆ ಬಾಯಿ ಹಚ್ಚಿದ. ಅವರಿಬ್ಬರ ನಡುವೆ ತಲೆ ಸಿಕ್ಕಿಕೊಂಡಿದ್ದ ನನಗೆ ಮಾತ್ರ ಕೇಳಿಸಿತು: "ಸಾವ್ಕಾರ್ರ, ನನಗ ಕೆಂಪು ಹಸರು ಎರಡೂ ಒಂದ ಕಾಣತಾವ್ರಿ. ಹುಟ್ಟಿದಾಗಿಂದ. ಒಂದೀಟ ದಡಿ ಹಚ್ಚರಿ, ನಿಮಗ ಕೈ ಮುಗೀತೇನಿ. ಯಾರ ಮುಂದೂ ಹೇಳಬ್ಯಾಡ್ರಿ."

ಆಗಲೇ ಕರೆಂಟು ಬಂತು. ಕೆಳಗಿದ್ದವನು ಜನರೇಟರ್ ಆರಿಸಿದ. ಆ ನಿಶ್ಶಬ್ದದೊಳಕ್ಕೆ ಗುರುಲಿಂಗಪ್ಪನ ಗಂಟಲು ಬಿತ್ತು:

"ಕೆಂಪು ಹಸರು ತಿಳಿಯದಾಂವ ಇಷ್ಟ ದಿನ ಸೀರಿ ಹೆಂಗ ನೇದಿಲೇ?"

ಕೋಣೆಯಲ್ಲಿದ್ದ ಒಬ್ಬರೂ ನಗಲಿಲ್ಲ. ಮಾದೇವ ಮೌಸನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಮೆಟ್ಟಿಲಿಳಿದು ಹೋದ. ಕರೆಂಟು ಬಂದಿತ್ತಲ್ಲ, ಉಳಿದವರೂ ತಮ್ಮ ತಮ್ಮ ಮಗ್ಗಗಳಿಗೆ ಓಡಿದರು. ಮಾತೂ ಅವರ ಜೊತೆ ಓಡಿತು. ಸಂಜೆಯೊಳಗೆ ಒಂದೊಂದು ಮಗ್ಗದ ಮನೆಗೂ ತಲುಪಿತ್ತು.

ಮಾದೇವ ಹೇಗೆ ನೇಯುತ್ತಿದ್ದನೆಂಬುದು ನನಗೆ ಆಮೇಲೆ ತಿಳಿಯಿತು. ಲಾಳಿಯೊಳಗೆ ಕೂರುವ ನೂಲಿನ ಕಂಡಿಕೆಗಳನ್ನು ಅವನ ಹೆಂಡತಿ ಶಾಂತವ್ವ ಸುತ್ತಿ, ಕೆಂಪನ್ನು ಎಡಗಡೆಯ ಬುಟ್ಟಿಗೂ ಹಸಿರನ್ನು ಬಲಗಡೆಯ ಬುಟ್ಟಿಗೂ ಹಾಕಿಡುತ್ತಿದ್ದಳು. ಹಸಿರಿನ ಬುಟ್ಟಿಯ ಹಿಡಿಕೆಗೆ ಒಂದು ಚಿಂದಿ ಸುತ್ತಿದ್ದಳು. ಅಷ್ಟೇ. ಆ ಚಿಂದಿಯ ಬಲದಿಂದ ಮದುವೆಯಾದಂದಿನಿಂದ ಒಂದು ಸೀರೆಯೂ ಕೆಟ್ಟಿರಲಿಲ್ಲ. ಕೂದಲಿನಷ್ಟು ದೋಷ ಹಿಡಿಯುವ ಗುರುಲಿಂಗಪ್ಪನ ಕಣ್ಣಿಗೂ ಏನೂ ಬಿದ್ದಿರಲಿಲ್ಲ, ಬೀಳುವಂಥದ್ದು ಇರಲೇ ಇಲ್ಲವಾದ್ದರಿಂದ.

ಆದರೆ ಬಣ್ಣ ಕಾಣದವನಿಗೆ ಬಣ್ಣದ ನೂಲು ಯಾರು ಕೊಡುತ್ತಾರೆ? ಒಬ್ಬ ವ್ಯಾಪಾರಿ ಒಪ್ಪಿಸಿದ್ದ ಕೆಲಸ ಹಿಂದೆ ತೆಗೆದುಕೊಂಡ. ಇನ್ನೊಬ್ಬ ಮುಂದಿನ ತಿಂಗಳು ನೋಡೋಣ ಎಂದ.

ಇದು ಗುರುಲಿಂಗಪ್ಪನ ಕಿವಿಗೆ ಬಿದ್ದಾಗ ಅವನಿಗೆ ಬಂದ ಸಿಟ್ಟನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎಡಗೈಯಲ್ಲಿ ಮಾದೇವನ ಎರಡು ಸೀರೆ ಹಿಡಿದು ಬನಹಟ್ಟಿ ಪೇಟೆಯ ನಡುವೆ ನಿಂತ. "ಯಾಂವಲೇ ಮಾದೇವನ ಕೆಲಸ ತಗದಾಂವ? ಅವಗ ಕೆಂಪು ಹಸರು ಕಾಣೂದಿಲ್ಲ, ಖರೆ ಐತಿ! ಆದ್ರ ಒಂದು ಎಳಿ ತಪ್ಪಿದ್ರ ತೋರಸ್ರಿ! ನಾ ನೋಡೇನಿ, ಒಂದ ದಾರ ಕಟ್ಟಿಲ್ಲ!" ಅಲ್ಲಿಗೇ ನಿಲ್ಲಲಿಲ್ಲ. ರಬಕವಿಗೆ ಹೋಗಿ ಅಲ್ಲಿಯ ವ್ಯಾಪಾರಿಗಳ ಮುಂದೆಯೂ ಇದನ್ನೇ ಕೂಗಿದ. ಮೊದಲು ಬನಹಟ್ಟಿಯ ನೇಕಾರರಿಗೂ ಒಬ್ಬಿಬ್ಬರು ವ್ಯಾಪಾರಿಗಳಿಗೂ ಅಷ್ಟೇ ಗೊತ್ತಿದ್ದದ್ದು ಈಗ ಎರಡೂ ಊರಿನ ಪೇಟೆಗೆ ಸೀಲು ಹೊಡೆದು ಹಂಚಿದಂತಾಯಿತು. ಬಾಯಿ ಮುಚ್ಚಿಕೊಂಡಿದ್ದರೆ ನಾಲ್ಕು ದಿನದಲ್ಲಿ ಮರೆಯುವವರಿದ್ದರು. ಪಿಸುಮಾತಿನಲ್ಲಿ ಉಪಕಾರ ಮಾಡುವ ಕಲೆ ಆ ಮನುಷ್ಯನಿಗೆ ಹುಟ್ಟಿನಿಂದಲೇ ಬಂದಿರಲಿಲ್ಲ.

ಕೊನೆಗೆ ತಾನೇ ನೂಲು ಹೊರಿಸಿಕೊಂಡು ಮಾದೇವನ ಮನೆಗೆ ಹೋದ. ಬಾಗಿಲಲ್ಲಿ ಶಾಂತವ್ವ ನಿಂತಿದ್ದಳು. "ನಿಮ್ಮ ನೂಲು ಒಯ್ರಿ ಸಾವ್ಕಾರ್ರ. ನಮ್ಮ ಸೀರಿ ನೀವು ಇನ್ನ ಎರಡೆರಡು ಸಲ ನೋಡತೀರಿ. ನೀವು ಹಂಗ ನೋಡೂದನ್ನ ನಮ್ಮ ಮನಿಯವರ ಕಡಿಂದ ನೋಡಾಕ ಆಗೂದಿಲ್ಲ." ಅವನು ನೂಲು ಹೊರಿಸಿಕೊಂಡು ಹಿಂದಿರುಗಿದ. ಅವತ್ತು ದಾರಿಯಲ್ಲಿ ಯಾರಿಗೂ ಬೈಯಲಿಲ್ಲ ಎಂದು ಕಂಡವರು ಹೇಳಿದರು.

ಆಟ ಮುಂದೆಯೂ ನಡೆಯಿತು. ದಡಿ ಹಚ್ಚಲಿಲ್ಲ. ನಾನು ಹೋಗುವುದನ್ನು ಬಿಟ್ಟೆ.

ಅವನನ್ನು ಕೊನೆಯ ಸಲ ನೋಡಿದ್ದು ಅವನ ಅಂಗಡಿಯಲ್ಲಿ, ಬಹಳ ವರ್ಷಗಳ ಮೇಲೆ. ಮೊಬೈಲು ಬಂದು ಮೇಲಿನ ಕೋಣೆಗೆ ಆಡುವವರು ಬರುವುದು ನಿಂತಿತ್ತು. ಗುರುಲಿಂಗಪ್ಪ ಬಾಗಿಲ ಬೆಳಕಿಗೆ ಸೀರೆ ಹಿಡಿದು ಕೂತಿದ್ದ. ಮಡಿಲಲ್ಲಿ ಕೆಂಪು ದಾರದ ಉಂಡೆ. ಕುಶಲ ಕೇಳುವ ಮೊದಲೇ ಅಂದ: "ಮಾಸ್ತರ, ಈಗೂ ಹೇಳತೇನಿ. ದಡಿ ಹಚ್ಚಿ ಆಡೂದು ಮೋಸ."

"ನಿಮ್ಮ ಮಡಿಲಾಗ ಇರೂದು ಏನ್ರಿ ಮತ್ತ?"

ಉಂಡೆಯನ್ನು ನೋಡಿದ. "ಇದು ವ್ಯಾಪಾರ."

"ಒಂದು ಗುಂಡಿ ಒತ್ತೋದಿತ್ತು. ನೀವು ಒತ್ತಲಿಲ್ಲ."

"ನಿಮ್ಮಂಥಾ ಕಲತವರಿಂದನ ಆಟ ಕೆಟ್ಟಿತು" ಎಂದು ಗುಡುಗಿದ. ಗುಡುಗು ಮೊದಲಿನಷ್ಟೇ ಜೋರಾಗಿತ್ತು. ನಾನು ಮೆಟ್ಟಿಲಿಳಿದು ಬೀದಿಗೆ ಬಂದ ಮೇಲೆ ಹಿಂದಿನಿಂದ ಕೂಗಿದ: "ಮಾಸ್ತರ! ಮಾದೇವ ಮಾತಾಡಸ್ತಾನೇನು ನಿಮಗ?"

"ಮಾತಾಡಸ್ತಾನು" ಎಂದೆ.

"ಛಲೋ ಆತು" ಎಂದು ಮತ್ತೆ ಸೀರೆ ಎತ್ತಿ ಬೆಳಕಿಗೆ ಹಿಡಿದ.

ಮುಂದಿನ ಬೇಸಿಗೆಯಲ್ಲಿ ಗುರುಲಿಂಗಪ್ಪ ತೀರಿಕೊಂಡ. ಎಂಟು ಯಂತ್ರಗಳನ್ನು ಗುಜರಿಯವನು ಒಯ್ದ. ಮಾದೇವ ಈಗ ಬಿಳಿ ಧೋತರ ನೇಯುತ್ತಾನೆ.